ಮೇಲ್ಹೊಟ್ಟೆ ನೋವು ಬಂದಾಗ "ಗ್ಯಾಸ್ಟ್ರಿಕ್" ಅಂತ ಸುಮ್ಮನಾಗೋ ಮುಂಚೆ: ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಎದೆಗುಂಡಿಯಿಂದ ಹೊಕ್ಕಳವರೆಗೆ ಎಲ್ಲೇ ನೋವು ಬಂದ್ರೂ ಅದಕ್ಕಿರೋದು ಒಂದೇ ಹೆಸರು, ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿಗೆ ಹೋಗಿ "ಗ್ಯಾಸ್ಟ್ರಿಕ್ಕಿಗೆ ಏನಾದ್ರೂ ಕೊಡಪ್ಪ" ಅಂದ್ರೆ ಸಾಕು, ಅವನೂ ಎಲ್ಲಿ ನೋವು ಯಾವಾಗಿಂದ ಅಂತ ಕೇಳಲ್ಲ, ನಾವೂ ಹೇಳಲ್ಲ, ಒಂದು ಸ್ಟ್ರಿಪ್ ಕತ್ತರಿಸಿ ಕೊಟ್ಟ, ಜೇಬಿಗೆ ಹಾಕ್ಕೊಂಡು ಬಂದ್ವಿ. ನಾನೂ ಎರಡು ವರ್ಷ ಹೀಗೇ ಮಾಡಿದೋನು.

ನನ್ನ ಕಥೆ ಶುರುವಾಗಿದ್ದು ಒಂದು ಗೃಹಪ್ರವೇಶದ ಊಟದಿಂದ. ಒಬ್ಬಟ್ಟಿನ ಮೇಲೆ ತುಪ್ಪ ಸುರಿಸ್ಕೊಂಡು, ಬೋಂಡಾ ಬೇರೆ ಎರಡು ಸಲ ಹಾಕಿಸ್ಕೊಂಡು ಬಂದು ಮಲಗಿದೆ. ರಾತ್ರಿ ಒಂದೂವರೆಗೆ ಎಚ್ಚರ ಆಯ್ತು, ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಮುಷ್ಟಿ ಹಾಕಿ ಹಿಂಡ್ತಾ ಇದ್ದ ಹಾಗೆ, ಅಲ್ಲಿಂದ ಹಿಂದೆ ಬಲಭುಜದ ರೆಕ್ಕೆ ಮೂಳೆ ತನಕ. ಕೂತ್ರೂ ಆಗಲ್ಲ, ಮಲಗಿದ್ರೂ ಆಗಲ್ಲ, ಹಾಲಲ್ಲಿ ಆ ಕಡೆಯಿಂದ ಈ ಕಡೆ ಓಡಾಡಿ ಕೊನೆಗೆ ಅಡುಗೆಮನೆ ನೆಲದ ಮೇಲೆ ಅಕ್ಕಿ ಡಬ್ಬಕ್ಕೆ ಒರಗಿ ಕೂತೆ. ಮನೆಯವಳು ಇಂಗು ಹಾಕಿದ ಮಜ್ಜಿಗೆ ಕೊಟ್ಲು, ವಾಂತಿ ಆಯ್ತು. ನಾಲ್ಕೂವರೆಗೆ ನೋವು ಹೇಳದೆ ಕೇಳದೆ ಹೊರಟುಹೋಯ್ತು, ಬೆಳಿಗ್ಗೆ ಏನೂ ಆಗೇ ಇಲ್ಲ ಅನ್ನೋ ಥರ ಇಡ್ಲಿ ತಿಂದೆ. "ನೋಡಿದ್ಯಾ, ಗ್ಯಾಸು" ಅಂದ್ರು ಮನೇಲಿ ಎಲ್ಲರೂ. ಗ್ಯಾಸಲ್ಲ, ಪಿತ್ತಕೋಶದಲ್ಲಿ ಕಲ್ಲು. ಅದು ಗೊತ್ತಾಗೋಕೆ ಎರಡು ವರ್ಷ ಬೇಕಾಯ್ತು.

ನಾನು ಡಾಕ್ಟ್ರಲ್ಲ, ಮೊದಲೇ ಹೇಳಿಬಿಡ್ತೀನಿ. ಆದ್ರೆ ಆಪರೇಷನ್ ಮುಂಚೆ, ಆಮೇಲೆ ಡಾಕ್ಟ್ರುಗಳ ತಲೆ ತಿಂದು ತಿಳ್ಕೊಂಡಿದ್ದನ್ನ, ನೋವು ಬಂದಾಗ ಯಾವ ಕ್ರಮದಲ್ಲಿ ಯೋಚನೆ ಮಾಡ್ಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಬರೀತಿದ್ದೀನಿ. ಮಾತ್ರೆ ವಿಷಯ ಐದನೇ ಹೆಜ್ಜೇಲಿ ಬರತ್ತೆ, ಬೇಕೂಂತಲೇ ಹಾಗಿಟ್ಟಿದ್ದೀನಿ.

ಹೆಜ್ಜೆ 1: ಇದು ಈಗಲೇ ಆಸ್ಪತ್ರೆಗೆ ಓಡೋ ನೋವಾ?

ಬೇರೆ ಏನೂ ಓದದೆ ಇದ್ರೂ ಇದೊಂದು ಓದಿ. ಕೆಳಗಿನ ಯಾವುದಾದ್ರೂ ಒಂದು ಇದ್ರೆ ಕಷಾಯ, ಸೋಡಾ, ಮಾತ್ರೆ ಏನೂ ಬೇಡ, 108ಕ್ಕೆ ಫೋನ್ ಮಾಡಿ ಅಥವಾ ಯಾರನ್ನಾದ್ರೂ ಗಾಡಿ ಓಡಿಸೋಕೆ ಕರ್ಕೊಂಡು ಹೊರಡಿ, ನೀವೇ ಬೈಕ್ ಹತ್ತಬೇಡಿ.

- ನೋವಿನ ಜೊತೆ ತಣ್ಣನೆ ಬೆವರು, ಎದೆ ಬಿಗಿತ, ಉಸಿರಾಟ ಕಷ್ಟ, ದವಡೆಗೋ ತೋಳಿಗೋ ಹರಡೋ ನೋವು, ತಲೆಸುತ್ತು
- ಇದ್ದಕ್ಕಿದ್ದ ಹಾಗೆ ಚಾಕು ಹಾಕಿದಂಥ ನೋವು ಬಂದು ಹೊಟ್ಟೆ ಹಲಗೆ ಥರ ಗಟ್ಟಿ ಆಗಿದೆ, ಅಲ್ಲಾಡಿದ್ರೆ ಜಾಸ್ತಿ ಆಗತ್ತೆ (ಅಲ್ಸರ್ ತೂತು ಬಿದ್ದಿರಬಹುದು)
- ರಕ್ತ ವಾಂತಿ ಅಥವಾ ಕಾಫಿ ಚರಟದ ಥರ ವಾಂತಿ, ಇಲ್ಲಾಂದ್ರೆ ಡಾಂಬರಿನ ಥರ ಕಪ್ಪಗೆ ಅಂಟಂಟಾದ ಮಲ
- ಚಳಿ ನಡುಕದ ಜ್ವರ, ಕಣ್ಣು ಹಳದಿ, ಬಲಪಕ್ಕೆ ನೋವು, ಮೂರೂ ಒಟ್ಟಿಗೆ
- ನೋವು ಸೀದಾ ಬೆನ್ನಿಗೆ ತೂರ್ತಾ ಇದೆ, ವಾಂತಿ ನಿಲ್ತಾನೇ ಇಲ್ಲ
- 20 ವಾರ ದಾಟಿದ ಗರ್ಭಿಣಿಗೆ ಮೇಲ್ಹೊಟ್ಟೆ ನೋವು, ಅದರಲ್ಲೂ ತಲೆನೋವು, ಕಣ್ಣು ಮಂಜಾಗೋದು ಇದ್ರೆ (ಇದು ಬಿಪಿಯ ತೊಂದರೆ ಇರಬಹುದು, "ಮಗು ಒದೀತಿದೆ" ಅಂತ ಬಿಡಬಾರದು)
- ಬೈಕಿಂದ ಬಿದ್ದ ಮೇಲೆ, ಏಟು ಬಿದ್ದ ಮೇಲೆ ಎಡಪಕ್ಕೆ ನೋವು, ಒಳಗೆ ಗುಲ್ಮ (ಸ್ಪ್ಲೀನ್) ಸೀಳಿ ರಕ್ತ ಹೋಗ್ತಿರಬಹುದು

ಡೆಂಗ್ಯೂ ಸೀಸನ್ನಲ್ಲಿ ಇನ್ನೊಂದು. ಜ್ವರ ಇಳೀತು ಅಂತ ಖುಷಿಪಡೋ ಹೊತ್ತಿಗೇ ಹೊಟ್ಟೆ ನೋವು, ಪದೇ ಪದೇ ವಾಂತಿ ಶುರುವಾದ್ರೆ ಅದು ಡೆಂಗ್ಯೂ ಕೆಟ್ಟ ದಾರಿ ಹಿಡೀತಿರೋ ಸೂಚನೆ, ಅಡ್ಮಿಟ್ ಮಾಡಿಸ್ಬೇಕು.

ಹಾರ್ಟಿನ ವಿಷಯ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಜೀವ ಹೋಗೋದು ಇಲ್ಲೇ. ನಮ್ಮ ಚಿಕ್ಕಪ್ಪಂಗೆ 58 ವರ್ಷ, ಶುಗರ್ ಇತ್ತು. ಒಂದಿನ ರಾತ್ರಿ ಊಟ ಆದ್ಮೇಲೆ ಎದೆಗುಂಡಿ ಹತ್ರ ಏನೋ ಒತ್ತಿದ ಹಾಗಿದೆ ಅಂದ್ರು, ಗೋಲಿ ಸೋಡಾ ಕುಡಿದ್ರು, ಜೋರಾಗಿ ತೇಗು ಬಂತು, "ಈಗ ಹಗುರ ಆಯ್ತು" ಅಂತಾನೂ ಅಂದ್ರು. ಡಿಸೆಂಬರ್ ಚಳಿ, ಫ್ಯಾನೂ ಇಲ್ಲ, ಆದ್ರೂ ಬನಿಯನ್ ಒದ್ದೆ ಆಗಿತ್ತು. ಅದನ್ನ ಗಮನಿಸಿದ್ದು ಅವರ ಮಗಳು, ಅವಳು ಹಟ ಹಿಡಿದು ಕರ್ಕೊಂಡು ಹೋಗಿ ಇಸಿಜಿ ಮಾಡಿಸಿದ್ಲು. ಹಾರ್ಟಿನ ಕೆಳಗಡೆ ಗೋಡೆಗೆ ಅಟ್ಯಾಕ್ ಆಗಿತ್ತು. ಸ್ಟೆಂಟ್ ಹಾಕಿದ್ರು, ಈಗ ಚೆನ್ನಾಗಿದ್ದಾರೆ, ವಾಕಿಂಗ್ ಹೋಗಿ ಊರವರ ತಲೆ ತಿಂತಾರೆ.

ಆ ಕೆಳಗೋಡೆ ಡಯಾಫ್ರಮ್ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು ಪರದೆ) ಮೇಲೇ ಕೂತಿರತ್ತೆ, ಹಾರ್ಟಿನ ನರಗಳೂ ಮೇಲ್ಹೊಟ್ಟೆ ನರಗಳೂ ಬೆನ್ನುಹುರೀಲಿ ಹತ್ತಿರ ಹತ್ತಿರಾನೇ ಸೇರತ್ವೆ, ಹಾಗಾಗಿ ನೋವು ಯಾವ ಮನೇದು ಅಂತ ಮೆದುಳಿಗೇ ಕನ್ಫ್ಯೂಸ್ ಆಗತ್ತೆ. ಶುಗರ್ ಇರೋರು, ಹೆಂಗಸರು, ವಯಸ್ಸಾದವರಿಗೆ ಎದೆನೋವೇ ಇಲ್ಲದೆ ಬರೀ ಹೊಟ್ಟೆ ಹಿಂಸೆ, ಸುಸ್ತು, ವಾಕರಿಕೆ ಥರ ಬರೋದು ಅಪರೂಪ ಅಲ್ಲ. ತೇಗು ಬಂದು ಹಗುರ ಆಯ್ತು ಅನ್ನೋದು ಗ್ಯಾಸು ಅನ್ನೋಕೆ ಸಾಕ್ಷಿ ಅಲ್ಲವೇ ಅಲ್ಲ. ಇನ್ನೊಂದು, ಒಂದು ಇಸಿಜಿ ನಾರ್ಮಲ್ ಬಂದ ಮಾತ್ರಕ್ಕೆ ಮುಗೀಲಿಲ್ಲ, ಮೊದಲ ಗಂಟೇಲಿ ಅದು ಸುಮ್ಮನಿರಬಹುದು, ಅದಕ್ಕೇ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೀತಾರೆ, ಟ್ರೋಪೊನಿನ್ ಅನ್ನೋ ರಕ್ತಪರೀಕ್ಷೆ ಮಾಡ್ತಾರೆ, "ಸುಮ್ಮನೆ ದುಡ್ಡಿಗೆ ಮಾಡ್ತಾರೆ" ಅಂತ ಎದ್ದು ಬರಬೇಡಿ. ಅಪ್ಪು (ಪುನೀತ್ ರಾಜ್‌ಕುಮಾರ್) ತೀರ್ಕೊಂಡ ಮೇಲೆ, ಅಂದ್ರೆ 2021ರ ಅಕ್ಟೋಬರ್ 29ರ ನಂತರ, ಸರ್ಕಾರ ಅವರ ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ಮಾಡಿದೆ. ತಾಲ್ಲೂಕು ಆಸ್ಪತ್ರೇಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆ ಡಾಕ್ಟ್ರಿಂದ ಓದಿಸ್ತಾರೆ, ಬೇಕಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡ್ತಾರೆ. ಅದಕ್ಕೆ ನೂರು ಕಿಲೋಮೀಟರ್ ದೂರದ ಸಿಟಿಗೆ ಹೊರಡೋ ಬದಲು ಮೊದಲು ಹತ್ತಿರದ ಇಸಿಜಿ ಎಲ್ಲಿದೆ ನೋಡಿ.

ಆಸ್ಪಿರಿನ್ ಅಗಿಸೋದಾ ಅಂತ ಕೇಳ್ತೀರ. ಹಾರ್ಟ್ ಆಗಿದ್ರೆ ಒಳ್ಳೇದು, ಅಲ್ಸರ್ ಒಡೆದಿದ್ರೆ ಅದೇ ವಿಷ. ಹೊಟ್ಟೆ ಭಾಗದ ನೋವಿಗೆ ನೀವೇ ತೀರ್ಮಾನ ಮಾಡಬೇಡಿ, ಫೋನಲ್ಲಾದ್ರೂ ಡಾಕ್ಟ್ರನ್ನ ಕೇಳಿ ಕೊಡಿ.

ಹೆಜ್ಜೆ 2: ಬೆರಳಿಟ್ಟು ತೋರಿಸಿ

ಎಮರ್ಜೆನ್ಸಿ ಅಲ್ಲ ಅಂತ ಆದ್ಮೇಲೆ ಕನ್ನಡಿ ಮುಂದೆ ನಿಂತು, ನೋವು ಎಲ್ಲಿ ಅಂತ ಒಂದೇ ಬೆರಳಲ್ಲಿ ತೋರಿಸೋಕೆ ನೋಡಿ. ಬೆರಳಲ್ಲಿ ಆಗದೆ ಇಡೀ ಅಂಗೈ ಇಡಬೇಕಾದ್ರೆ ಅದೂ ಒಂದು ಮಾಹಿತೀನೇ.

ನಡುವಲ್ಲಿ, ಎದೆಗುಂಡಿ ಕೆಳಗೆ ಅಂದ್ರೆ ಜಠರ, ಅಲ್ಸರ್, ಹುಳಿ ಮೇಲೆ ಬರೋದು, ಮೇದೋಜೀರಕ ಗ್ರಂಥಿ, ಮೇಲೆ ಹೇಳಿದ ಹಾರ್ಟು. ಬಲಕ್ಕೆ ಅಂದ್ರೆ ಪಿತ್ತಕೋಶ, ಲಿವರ್. ಎಡಕ್ಕೆ ಅಂದ್ರೆ ಜಠರ, ಗುಲ್ಮ, ಕೆಲವು ಸಲ ಬರೀ ಕರುಳಿನ ಗ್ಯಾಸ್, ಹೌದು ಗ್ಯಾಸೂ ಇರತ್ತೆ, ಇಲ್ಲ ಅಂತ ಹೇಳ್ತಿಲ್ಲ. ಪಕ್ಕದಿಂದ ಶುರುವಾಗಿ ತೊಡೆಸಂದಿಗೆ ಇಳಿದ್ರೆ ಕಿಡ್ನಿ ಕಲ್ಲು. ಹೊಕ್ಕಳ ಸುತ್ತ, ಮೇಲ್ಹೊಟ್ಟೇಲಿ ಶುರುವಾಗಿ ಕೆಲವು ಗಂಟೆ ಆದ್ಮೇಲೆ ಬಲಗಡೆ ಕೆಳಹೊಟ್ಟೆಗೆ ಬಂದು ಕೂತ್ರೆ ಅಪೆಂಡಿಕ್ಸ್, ಇದನ್ನ ಮಕ್ಕಳಲ್ಲಿ ಎಷ್ಟೋ ಸಲ "ಹೊರಗಡೆ ಪಾನಿಪೂರಿ ತಿಂದ" ಅಂತ ಬಿಟ್ಟು ತಡ ಮಾಡ್ತಾರೆ.

ನೋವು ಹೊಟ್ಟೆ ಗೋಡೆದಾ ಒಳಗಿನದಾ ಅಂತ ನೋಡೋಕೆ ಒಂದು ಸುಲಭ ಉಪಾಯ ಇದೆ. ಅಂಗಾತ ಮಲಗಿ ನೋವಿರೋ ಜಾಗದ ಮೇಲೆ ಬೆರಳು ಒತ್ತಿ ಹಿಡಿದು ತಲೆ ಮಾತ್ರ ಮೇಲೆತ್ತಿ, ಹೊಟ್ಟೆ ಬಿಗಿಯಾಗತ್ತಲ್ಲ ಆಗ ನೋವು ಜಾಸ್ತಿ ಆದ್ರೆ ಬಹುಶಃ ಸ್ನಾಯು ಉಳುಕಿದೆ, ಜಿಮ್ಮಲ್ಲೋ ಸಿಲಿಂಡರ್ ಎತ್ತಿದಾಗಲೋ ಆಗಿರೋದು. ಚರ್ಮದ ಮೇಲೆ ಒಂದೇ ಪಕ್ಕ ಪಟ್ಟಿ ಥರ ಉರಿ ಇದ್ದು, ಬಟ್ಟೆ ತಾಗಿದ್ರೂ ಹಿಂಸೆ ಆದ್ರೆ ದಿನಾ ಅಲ್ಲಿ ಬೆಳಕಲ್ಲಿ ನೋಡ್ತಾ ಇರಿ. ಸರ್ಪಸುತ್ತಿನ ಗುಳ್ಳೆ ಏಳೋದಕ್ಕೆ ಕೆಲವು ದಿನ ಮುಂಚೇನೇ ನೋವು ಶುರುವಾಗತ್ತೆ, ಗುಳ್ಳೆ ಕಂಡ 72 ಗಂಟೆ ಒಳಗೆ ಮಾತ್ರೆ ಶುರು ಮಾಡಿದ್ರೆ ಒಳ್ಳೇ ಗುಣ.

ಹೆಜ್ಜೆ 3: ಗಡಿಯಾರ ನೋಡಿ, ತಟ್ಟೆ ನೋಡಿ

ಜಾಗಕ್ಕಿಂತ ಹೊತ್ತು ಜಾಸ್ತಿ ಮಾತಾಡತ್ತೆ, ಇದು ನನ್ನ ಅನುಭವ.

ಹಸಿದಾಗ, ಇಲ್ಲಾ ರಾತ್ರಿ ಒಂದೆರಡು ಗಂಟೆಗೆ ಎದೆಗುಂಡಿ ಕೊರೆದಂಗೆ ನೋವು ಬಂದು ಎರಡು ಬಿಸ್ಕತ್ತು ತಿಂದ್ರೆ ಕಮ್ಮಿ ಆಗತ್ತೆ ಅಂದ್ರೆ ಸಣ್ಣಕರುಳಿನ ಶುರುವಲ್ಲಿ ಅಲ್ಸರ್ ಇರಬಹುದು. ತಿಂದ ಕೂಡ್ಲೇ ನೋವು ಅಂದ್ರೆ ಜಠರದ್ದು. ಪುಸ್ತಕದಲ್ಲಿ ಇದ್ದಷ್ಟು ನೀಟಾಗಿ ಎಲ್ಲರಿಗೂ ಇರಲ್ಲ, ಆದ್ರೂ ಒಂದು ಸುಳಿವು. ಬಗ್ಗಿದ್ರೆ, ಊಟ ಆಗಿ ಮಲಗಿದ್ರೆ ಎದೆ ಉರಿ, ಬಾಯಿಗೆ ಹುಳಿ ನೀರು ಬಂದ್ರೆ ಅದು ರಿಫ್ಲಕ್ಸ್.

ಅಲ್ಸರ್ ಅಂದ್ರೆ ಖಾರ ತಿಂದು, ಟೆನ್ಷನ್ ಮಾಡ್ಕೊಂಡು ಬರೋದು ಅಂತ ನಮ್ಮಪ್ಪನ ಕಾಲದಲ್ಲಿ ಡಾಕ್ಟ್ರುಗಳೂ ನಂಬಿದ್ರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅನ್ನೋ ಇಬ್ಬರು ಡಾಕ್ಟ್ರುಗಳು, ಖಾರದಿಂದ ಅಲ್ಲ, ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾದಿಂದ ಅಂದ್ರು. ಯಾರೂ ನಂಬಲಿಲ್ಲ, 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವ ತಾನೇ ಕುಡಿದ, ಕೆಲವೇ ದಿನಕ್ಕೆ ವಾಂತಿ ಶುರು, ಜಠರ ನೋಡಿದ್ರೆ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದನ್ನ ಯಾಕೆ ಹೇಳ್ದೆ ಅಂದ್ರೆ, ಈ ಬ್ಯಾಕ್ಟೀರಿಯಾ ನಮ್ಮ ದೇಶದಲ್ಲಿ ತುಂಬಾ ಜನರ ಹೊಟ್ಟೇಲಿದೆ, ಅದರಿಂದ ಅಲ್ಸರ್ ಆಗಿದ್ರೆ ಬರೀ ಆಸಿಡ್ ಮಾತ್ರೆ ನುಂಗ್ತಾ ಇದ್ರೆ ನೋವು ಮುಚ್ಚಿಕೊಂಡಿರತ್ತೆ, ಮಾತ್ರೆ ಬಿಟ್ಟ ಕೂಡ್ಲೇ ವಾಪಸ್. ಮೂರು ನಾಲ್ಕು ಔಷಧಿ ಸೇರಿಸಿ ಸಾಮಾನ್ಯವಾಗಿ 14 ದಿನದ ಕೋರ್ಸ್ ಕೊಡ್ತಾರೆ, ಅದನ್ನ ಅರ್ಧಕ್ಕೆ ಬಿಡಬಾರದು.

ಅಲ್ಸರಿನ ಇನ್ನೊಂದು ದೊಡ್ಡ ಕಾರಣ ನೋವಿನ ಮಾತ್ರೆ. ಮಂಡಿನೋವಿಗೆ ಅಂತ ಅಜ್ಜಿ ದಿನಾ ಡೈಕ್ಲೋಫೆನಾಕ್ ನುಂಗ್ತಾರೆ, ಹೊಟ್ಟೆ ಉರಿಗೆ ಇನ್ನೊಂದು ಮಾತ್ರೆ ನುಂಗ್ತಾರೆ, ಎರಡಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಿರಲ್ಲ. ಮನೇಲಿ ವಯಸ್ಸಾದವರ ಮಾತ್ರೆ ಡಬ್ಬಿ ಒಮ್ಮೆ ಸುರಿದು ನೋಡಿ. ಹಾರ್ಟಿಗೆ ಅಂತ ಬರೆದುಕೊಟ್ಟ ಆಸ್ಪಿರಿನ್ ಮಾತ್ರ ನೀವೇ ನಿಲ್ಲಿಸಬೇಡಿ, ಡಾಕ್ಟ್ರಿಗೆ ಹೇಳಿ.

ಜಿಡ್ಡಿನ ಊಟ ಆಗಿ ಒಂದೆರಡು ಗಂಟೆ ಬಿಟ್ಟು, ಬಹಳ ಸಲ ನಡುರಾತ್ರಿ, ಬಲಕ್ಕೋ ನಡುವಿಗೋ ಬಂದು ಅರ್ಧ ಗಂಟೆಯಿಂದ ನಾಲ್ಕೈದು ಗಂಟೆ ಹಿಡಿದು ಬಿಟ್ಟುಹೋದ್ರೆ, ನನ್ನ ಥರ, ಪಿತ್ತಕೋಶ ಅನುಮಾನ ಪಡಿ. ಕಲ್ಲು ಪಿತ್ತಕೋಶದ ಬಾಯಿಗೆ ಅಡ್ಡ ಕೂತಾಗ ನೋವು, ಜಾರಿದಾಗ ಆರಾಮ, ಅಷ್ಟೇ ಲೆಕ್ಕ. ಆರು ಗಂಟೆ ದಾಟಿದ್ರೂ ಬಿಡಲಿಲ್ಲ, ಜ್ವರ ಬಂತು ಅಂದ್ರೆ ಪಿತ್ತಕೋಶ ಊದಿದೆ, ಆಸ್ಪತ್ರೆಗೆ ಹೋಗ್ಬೇಕು. ನನಗೆ ನೆಂಟರೆಲ್ಲ ಬಾಳೆದಿಂಡಿನ ರಸ ಕುಡಿ ಅಂದ್ರು. ಅದು ಕಿಡ್ನಿ ಕಲ್ಲಿಗೆ ಹೇಳೋ ಮನೆಮದ್ದು ಸ್ವಾಮಿ, ಪಿತ್ತಕೋಶಕ್ಕೂ ಮೂತ್ರದ ದಾರಿಗೂ ಸಂಬಂಧಾನೇ ಇಲ್ಲ. ಆಲಿವ್ ಎಣ್ಣೆ, ನಿಂಬೆರಸ ಕುಡಿದು ಹಸಿರು ಹಸಿರು ಕಲ್ಲು ಬಿತ್ತು ಅಂತ ವಿಡಿಯೋ ಹಾಕ್ತಾರಲ್ಲ, ಅದು ಆ ಎಣ್ಣೆನೇ ಹೊಟ್ಟೇಲಿ ಸೋಪಿನ ಥರ ಗಟ್ಟಿಯಾಗಿರೋದು. ಹಾಗಂತ ಸ್ಕ್ಯಾನಲ್ಲಿ ಕಲ್ಲು ಕಂಡವರೆಲ್ಲ ಆಪರೇಷನ್ ಮಾಡಿಸ್ಬೇಕು ಅಂತೇನಿಲ್ಲ, ನೋವೇ ಇಲ್ಲದ ಕಲ್ಲನ್ನ ಸಾಮಾನ್ಯವಾಗಿ ಹಾಗೇ ಬಿಡ್ತಾರೆ.

ಆ ಕಲ್ಲು ಕೆಳಗೆ ಜಾರಿ ನಾಳದಲ್ಲಿ ಸಿಕ್ಕಿಕೊಂಡ್ರೆ, ಅಥವಾ ಕುಡಿತ ಜಾಸ್ತಿ ಇದ್ರೆ, ಮೇದೋಜೀರಕ ಗ್ರಂಥಿ ಊದತ್ತೆ, ಪ್ಯಾಂಕ್ರಿಯಾಟೈಟಿಸ್. ಬೆನ್ನಿಗೆ ತೂರೋ ಭಯಂಕರ ನೋವು, ಮುಂದಕ್ಕೆ ಬಾಗಿ ಕೂತ್ರೆ ಮಾತ್ರ ಸ್ವಲ್ಪ ಸಮಾಧಾನ. ಮನೇಲಿ ನೋಡ್ಕೊಳ್ಳೋ ಕಾಯಿಲೆ ಅಲ್ಲ.

ಲಿವರ್ ಊದಿದ್ರೆ ಬಲಗಡೆ ಭಾರ, ಊಟ ಸೇರಲ್ಲ, ಆಮೇಲೆ ಮೂತ್ರ ಕಡುಹಳದಿ, ಕಣ್ಣು ಹಳದಿ. ಕಾಮಾಲೆಗೆ ಸೊಪ್ಪಿನ ಔಷಧಿ ಕೊಡೋರು ಪ್ರತಿ ಊರಲ್ಲೂ ಇದ್ದಾರೆ. ಕೆಟ್ಟ ನೀರಿಂದ ಬರೋ ಹೆಪಟೈಟಿಸ್ ಎ, ಇ ಬಹುತೇಕ ತಾನೇ ವಾಸಿಯಾಗೋದ್ರಿಂದ ಅವರಿಗೆ ಹೆಸರು ಬರತ್ತೆ. ಆದ್ರೆ ನಾಳದಲ್ಲಿ ಕಲ್ಲು ಸಿಕ್ಕಿ ಬಂದ ಕಾಮಾಲೆಗೆ ಸೊಪ್ಪು ಏನೂ ಮಾಡಲ್ಲ, ಅದಕ್ಕೇ ಮೊದಲು ರಕ್ತಪರೀಕ್ಷೆ, ಸ್ಕ್ಯಾನ್.

ಹೆಜ್ಜೆ 4: ಸಣ್ಣ ನೋವಾದ್ರೆ ಮನೇಲಿ ಏನ್ಮಾಡೋದು

ತಡ್ಕೊಳ್ಳೋ ಅಂಥ ನೋವು, ಜ್ವರ ಇಲ್ಲ, ಬೆವರಿಲ್ಲ, ಬೇರೆ ಲಕ್ಷಣ ಇಲ್ಲ ಅಂದ್ರೆ ಒಂದೆರಡು ದಿನ ಮನೇಲಿ ನೋಡಬಹುದು. ಒಂದು ಹೊತ್ತು ಗಟ್ಟಿ ಆಹಾರ ಬಿಟ್ಟು ನೀರು, ಎಳನೀರು, ತೆಳ್ಳಗಿನ ಗಂಜಿ ಅಥವಾ ಮಜ್ಜಿಗೆ ಸಾಕು, ಆಮೇಲೆ ಮೆತ್ತಗಿನ ಅನ್ನ, ಸಪ್ಪೆ ಬೇಳೆ. ಕಿಡ್ನಿ ತೊಂದರೆ ಇರೋರು ಎಳನೀರು ಕೇಳಿ ಕುಡೀಬೇಕು. ಜೀರಿಗೆ ಕಷಾಯ, ಓಂಕಾಳು ಹಿತ ಕೊಟ್ರೆ ಕುಡೀರಿ, ಅದರಿಂದ ಅಲ್ಸರ್ ವಾಸಿ ಆಗತ್ತೆ ಅಂತ ಮಾತ್ರ ನಂಬಬೇಡಿ. ಖಾಲಿ ಹೊಟ್ಟೆಗೆ ಫಿಲ್ಟರ್ ಕಾಫಿ ನಿಲ್ಲಿಸಿ, ಇದು ಹೇಳೋಕೆ ನನಗೇ ಸಂಕಟ ಆಗತ್ತೆ. ತಣ್ಣನೆ ಹಾಲು ಆ ಕ್ಷಣಕ್ಕೆ ತಂಪು ಅನ್ಸತ್ತೆ, ಆಮೇಲೆ ಆಸಿಡ್ ಇನ್ನೂ ಜಾಸ್ತಿ ಸುರಿಯೋ ಹಾಗೆ ಮಾಡಬಹುದು. ರಾತ್ರಿ ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರ ಇರಲಿ, ಎಡಮಗ್ಗುಲಲ್ಲಿ ಮಲಗಿ, ಮಂಚದ ತಲೆ ಕಡೆ ಕಾಲಿನ ಕೆಳಗೆ ಇಟ್ಟಿಗೆ ಇಟ್ಟು ಆರೆಂಟು ಇಂಚು ಎತ್ತರಿಸಿ. ದಿಂಬು ಮೇಲೆ ದಿಂಬು ಇಟ್ರೆ ಕತ್ತು, ಹೊಟ್ಟೆ ಮಡಚಿಕೊಳ್ಳತ್ತೆ ಅಷ್ಟೇ. ಬೀಡಿ, ಗುಟ್ಕಾ, ಎಣ್ಣೆ ಹಾಕೋದು ಇವೆಲ್ಲ ನಿಮಗೇ ಗೊತ್ತು.

ಬಟ್ಟಿ ಜಾರಿದೆ ಅಂತ ಹೊಟ್ಟೆ ತಿಕ್ಕಿಸೋಕೆ ಹೋಗ್ತಾರೆ. ನೋವು ಯಾವುದು ಅಂತ ಗೊತ್ತಿಲ್ಲದೆ ಹೊಟ್ಟೆ ಅಮುಕಿಸಬೇಡಿ, ಊದಿದ ಅಪೆಂಡಿಕ್ಸೋ ಲಿವರಲ್ಲಿ ಕೀವೋ ಇದ್ರೆ ಒಡೆದುಹೋಗಬಹುದು. ಮಕ್ಕಳ ಹೊಟ್ಟೆಗೆ ಬರೆ ಹಾಕೋದಂತೂ ಬರೀ ಕ್ರೌರ್ಯ.

ಹೆಜ್ಜೆ 5: ಮಾತ್ರೆ

ತಕ್ಷಣದ ಉರಿಗೆ ಜೆಲುಸಿಲ್, ಡೈಜಿನ್ ಥರದ ಆಂಟಾಸಿಡ್ ಸಾಕು. ಈನೋ ಥರದ ಪುಡೀಲಿ ಸೋಡಿಯಂ ಜಾಸ್ತಿ, ಬಿಪಿ, ಹಾರ್ಟು, ಕಿಡ್ನಿ ತೊಂದರೆ ಇರೋರು ಕೇಳಿ ತಗೊಳ್ಳಿ. ಥೈರಾಯ್ಡ್ ಮಾತ್ರೆಗೂ ಆಂಟಾಸಿಡ್ಡಿಗೂ ನಾಲ್ಕು ಗಂಟೆ ಅಂತರ ಬೇಕು. ಪ್ಯಾಂಟೊಪ್ರಜೋಲ್ ಇದೆಯಲ್ಲ, ಎಲ್ಲರೂ ಪ್ಯಾನ್ ಅಂತ ಕರೆಯೋದು, ಅದನ್ನ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ತಗೋಬೇಕು, ನೋವು ಬಂದಾಗ ನುಂಗೋ ಮಾತ್ರೆ ಅಲ್ಲ ಅದು, ಪೂರ್ತಿ ಕೆಲಸ ಮಾಡೋಕೆ ಕೆಲವು ದಿನ ಹಿಡಿಯತ್ತೆ. ಪ್ಯಾನ್ ಡಿ ಅಂತ ಇರೋದ್ರಲ್ಲಿ ವಾಂತಿ ತಡೆಯೋ ಡಾಂಪೆರಿಡೋನ್ ಸೇರಿರತ್ತೆ, ಹಾರ್ಟ್ ಬಡಿತದ ತೊಂದರೆ ಇರೋರು, ವಯಸ್ಸಾದವರು ಸುಮ್ಮನೆ ನುಂಗೋ ಹಾಗಿಲ್ಲ. ಎರಡು ವಾರ ತಗೊಂಡೂ ಕಮ್ಮಿ ಆಗಿಲ್ಲ, ಬಿಟ್ಟ ಕೂಡ್ಲೇ ವಾಪಸ್ ಬಂತು ಅಂದ್ರೆ ಮೂರನೇ ಸ್ಟ್ರಿಪ್ ಬೇಡ, ಡಾಕ್ಟ್ರು ಬೇಕು.

ನೋವಿಗೆ ಬೇಕೇ ಬೇಕಂದ್ರೆ ಪ್ಯಾರಾಸಿಟಮಾಲ್, ದೊಡ್ಡವರಿಗೆ 500 ಮಿಲಿಗ್ರಾಂದು ಒಂದು ಸಲಕ್ಕೆ ಒಂದು, ಲಿವರ್ ತೊಂದರೆ ಇರೋರು, ಕುಡಿಯೋರು ಕೇಳಿಯೇ ತಗೋಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಟ್ಟಬೇಡಿ.

ಹೆಜ್ಜೆ 6: ಯಾವ ಪರೀಕ್ಷೇಲಿ ಏನು ಕಾಣತ್ತೆ

"ಸ್ಕ್ಯಾನಿಂಗ್ ಮಾಡಿಸಿದೆ, ನಾರ್ಮಲ್ಲು, ಆದ್ರೂ ನೋವು" ಅಂತ ಎಷ್ಟೋ ಜನ ಹೇಳ್ತಾರೆ. ಹೊಟ್ಟೆ ಸ್ಕ್ಯಾನಲ್ಲಿ (ಅಲ್ಟ್ರಾಸೌಂಡ್) ಪಿತ್ತಕೋಶದ ಕಲ್ಲು ಚೆನ್ನಾಗಿ ಕಾಣತ್ತೆ, ಲಿವರ್, ಕಿಡ್ನಿ ಕಾಣತ್ತೆ, ಆದ್ರೆ ಅಲ್ಸರ್ ಕಾಣಲ್ಲ, ಅದಕ್ಕೆ ಬಾಯಿಂದ ಪೈಪ್ ಬಿಡೋ ಎಂಡೋಸ್ಕೋಪಿನೇ ಆಗ್ಬೇಕು. ಐದತ್ತು ನಿಮಿಷದ ಕೆಲಸ, ಗಂಟಲಿಗೆ ಮರಗಟ್ಟೋ ಸ್ಪ್ರೇ ಹೊಡೀತಾರೆ, ಹೆದರಿಕೇಲಿ ಅರ್ಧ ಇರೋದೇ ಅದರ ಬಗ್ಗೆ ಕೇಳಿದ ಕಥೆಗಳಿಂದ. ಸ್ಕ್ಯಾನಿಗೆ ಆರೆಂಟು ಗಂಟೆ ಖಾಲಿ ಹೊಟ್ಟೆ ಬೇಕು, ಒಂದು ಕಪ್ ಕಾಫಿ ಕುಡಿದ್ರೂ ಪಿತ್ತಕೋಶ ಮುದುಡ್ಕೊಳ್ಳತ್ತೆ, ಕಲ್ಲು ಸರಿಯಾಗಿ ಕಾಣಲ್ಲ. ಪೈಲೋರಿಗೆ ಮಲ ಪರೀಕ್ಷೆ ಅಥವಾ ಉಸಿರಿನ ಪರೀಕ್ಷೆ ಇದೆ. ಅದಕ್ಕೆ ಎರಡು ವಾರ ಮುಂಚೆ ಪ್ಯಾನ್ ಥರದ ಮಾತ್ರೆ, ನಾಲ್ಕು ವಾರ ಮುಂಚೆ ಆಂಟಿಬಯೋಟಿಕ್ ನಿಂತಿರಬೇಕು, ಇಲ್ಲಾಂದ್ರೆ ಇದ್ದೂ ಇಲ್ಲ ಅಂತ ರಿಪೋರ್ಟ್ ಬರತ್ತೆ. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರ ಆದ್ಮೇಲೆ ಹೋಯ್ತಾ ಇಲ್ವಾ ಅಂತ ಮತ್ತೆ ಪರೀಕ್ಷೆ ಮಾಡಿಸೋದು ಮರೀಬೇಡಿ.

ತೂಕ ತಾನಾಗೇ ಇಳೀತಿದೆ, ನುಂಗೋಕೆ ಕಷ್ಟ, ರಕ್ತ ಕಮ್ಮಿ ಆಗಿದೆ, ಎರಡು ತುತ್ತಿಗೇ ಹೊಟ್ಟೆ ತುಂಬತ್ತೆ, ಅಥವಾ 45-50 ದಾಟಿದ ಮೇಲೆ ಮೊದಲ ಸಲ ಈ ತೊಂದರೆ ಶುರುವಾಗಿದೆ ಅಂದ್ರೆ ಮಾತ್ರೆ ಪ್ರಯೋಗ ಮಾಡ್ತಾ ಕೂರಬೇಡಿ, ಎಂಡೋಸ್ಕೋಪಿ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಎಲ್ಲ ಪರೀಕ್ಷೇನೂ ನಾರ್ಮಲ್ ಬಂದು ನೋವು ಮಾತ್ರ ಇರೋರೂ ಬಹಳ ಜನ ಇದ್ದಾರೆ, ಫಂಕ್ಷನಲ್ ಡಿಸ್ಪೆಪ್ಸಿಯಾ ಅಂತಾರೆ, "ಎಲ್ಲಾ ನಿನ್ನ ತಲೇಲಿದೆ" ಅಂತ ಅರ್ಥ ಅಲ್ಲ, ಅದಕ್ಕೂ ಔಷಧಿ ಇದೆ.

ಹೆಜ್ಜೆ 7: ಒಂದು ಚೀಟಿ ಬರ್ಕೊಳ್ಳಿ

ಒಪಿಡಿಲಿ ನಿಮಗೆ ಸಿಗೋದು ಐದು ನಿಮಿಷ. ನಾನು ಎರಡು ವರ್ಷ ಒಳಗೆ ಹೋಗಿ "ಡಾಕ್ಟ್ರೇ ಗ್ಯಾಸ್ಟ್ರಿಕ್ಕು" ಅಂತಲೇ ಬಾಯಿ ತೆಗೀತಿದ್ದೆ, ಅವರೂ ಅದನ್ನೇ ಬರ್ಕೊಂಡು ಅದಕ್ಕೇ ಮಾತ್ರೆ ಕೊಡ್ತಿದ್ರು. ಮೂರನೇ ಸಲ ಆ ನಡುರಾತ್ರಿ ನೋವು ಬಂದಾಗ ಮನೆಯವಳು ಹಾಲಿನ ಲೆಕ್ಕದ ಕ್ಯಾಲೆಂಡರಲ್ಲೇ ಗುರುತು ಹಾಕಿಟ್ಟಿದ್ಲು. ಅದನ್ನ ನೋಡಿ ಚೀಟಿ ಬರೆದೆ, ಗ್ಯಾಸ್ಟ್ರಿಕ್ ಅನ್ನೋ ಪದ ಹಾಕದೆ:

"ನೋವು ಬಲಪಕ್ಕೆ, ಹಿಂದೆ ಬಲಭುಜಕ್ಕೆ ಹೋಗತ್ತೆ. ಎರಡು ವರ್ಷದಲ್ಲಿ ಮೂರು ಸಲ. ಮೂರೂ ಸಲ ರಾತ್ರಿ 1ರಿಂದ 2ರೊಳಗೆ ಶುರು, 3-4 ಗಂಟೆ ಇರತ್ತೆ. ಹಿಂದಿನ ಊಟ: ಒಬ್ಬಟ್ಟು ತುಪ್ಪ, ಬಿರಿಯಾನಿ, ಮದುವೆ ಊಟ. ವಾಂತಿ ಎರಡು ಸಲ. ಜ್ವರ ಇಲ್ಲ. ಮಲ, ಮೂತ್ರ ಬಣ್ಣ ಸರಿ. ತಗೋತಿರೋ ಮಾತ್ರೆ: ಪ್ಯಾನ್ ಡಿ, ಎರಡು ವರ್ಷದಿಂದ, ಉಪಯೋಗ ಇಲ್ಲ. ಅಮ್ಮನಿಗೆ ಪಿತ್ತಕೋಶ ತೆಗೆದಿದ್ದಾರೆ."

ಹೊಸ ಡಾಕ್ಟ್ರು, ಚಿಕ್ಕ ಹುಡುಗಿ, ಚೀಟಿ ಎರಡು ಸಲ ಓದಿದ್ಲು. ಮಲಗಿಸಿ ಬಲಪಕ್ಕೆ ಕೆಳಗೆ ಕೈಯಿಟ್ಟು ಉಸಿರು ಎಳ್ಕೊಳ್ಳಿ ಅಂದ್ಲು, ಅರ್ಧ ಎಳೆದಿದ್ದೆ ಅಷ್ಟೇ, ಅಲ್ಲೇ ಕಟ್ ಆಯ್ತು ಉಸಿರು. "ಬೆಳಿಗ್ಗೆ ಏನು ತಿಂದ್ರಿ?" ಅಂದ್ಲು. ಇಡ್ಲಿ ವಡೆ ಅಂದೆ. "ಹಾಗಿದ್ರೆ ಇವತ್ತು ಸ್ಕ್ಯಾನ್ ಬೇಡ, ಸಂಜೆ ಜ್ವರ ಬಂದ್ರೆ ಎಷ್ಟೊತ್ತಾದ್ರೂ ಸೀದಾ ಕ್ಯಾಶುವಾಲ್ಟಿಗೆ ಬನ್ನಿ, ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಎಂಟಕ್ಕೆ, ಕಾಫಿನೂ ಕುಡೀದೆ."